ನೀಲಿಗೆ ಹಾಕಿದ ತಾಳ

ಈ ಸಲದ ವಾರ್ಷಿಕೋತ್ಸವದಲ್ಲಿ ವಿಜ್ಞಾನದ್ದೂ ಒಂದು ಐಟಂ ಇರಲೇಬೇಕು ಎಂದು ಹೆಡ್‌ಮಿಸ್ ಪಟ್ಟು ಹಿಡಿದಿದ್ದರು.

"ಪ್ರತಿ ವರ್ಷ ಅದೇ ಡ್ಯಾನ್ಸು, ಅದೇ ನಾಟಕ. ಅಷ್ಟು ದೊಡ್ಡ ಲ್ಯಾಬ್ ಇಟ್ಕೊಂಡಿದೀವಿ, ಅದರೊಳಗೆ ಏನು ನಡೆಯುತ್ತೆ ಅಂತ ಮಕ್ಕಳ ಅಪ್ಪ ಅಮ್ಮಂದಿರೂ ನೋಡಲಿ. ಆದರೆ ಏನೂ ಸಿಡಿಯಬಾರದು, ಯಾರೂ ಕೆಮ್ಮಬಾರದು," ಎಂದು ಅವರು ಎದುರಿಗೆ ಕೂತಿದ್ದ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು.

ಒಬ್ಬರು ಕೆಮಿಸ್ಟ್ರಿ ಮೇಷ್ಟ್ರು. ಇನ್ನೊಬ್ಬಳು ಲ್ಯಾಬ್ ಸಹಾಯಕಿ. ಮಕ್ಕಳ ಬಾಯಲ್ಲಿ ಅವಳು ಲ್ಯಾಬಕ್ಕ. ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ ಶಾಲೆಯ ಗೇಟಿನವನಿಂದ ಹಿಡಿದು ಹೆಡ್‌ಮಿಸ್‌ವರೆಗೆ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಕಿಟಕಿಗಳನ್ನೆಲ್ಲ ತೆರೆದು, ಗ್ಯಾಸಿನ ನಲ್ಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಆಮೇಲೆಯೇ ದೀಪದ ಸ್ವಿಚ್ ಒತ್ತುವವಳು ಅವಳು. ಚೀಟಿಯಿಲ್ಲದ ಬಾಟಲಿ ಕಂಡರೆ ಹಾವು ಕಂಡಂತೆ ಹೌಹಾರುತ್ತಿದ್ದಳು. ಈ ಚಾಳಿ ಮನೆಗೂ ಬಂದಿತ್ತು. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಒಳಗೇನಿದೆ, ಯಾವಾಗ ತಂದದ್ದು ಎಂದು ಬರೆದ ಚೀಟಿ. "ನನ್ನ ಹಣೆಗೂ ಒಂದು ಅಂಟಿಸಿಬಿಡಮ್ಮ, ಯಾವಾಗ ಕೆಡ್ತೀನಿ ಅಂತ ಗೊತ್ತಾಗಲಿ," ಎಂದು ಅತ್ತೆ ನಗುತ್ತಿದ್ದರು.

ಹೆಡ್‌ಮಿಸ್ ಕೋಣೆಯಿಂದ ಹೊರಗೆ ಬರುತ್ತಿದ್ದ ಹಾಗೆ ಮೇಷ್ಟ್ರ ಕಣ್ಣು ಹೊಳೆಯಿತು. "ಲ್ಯಾಬಕ್ಕ, ಜ್ವಾಲಾಮುಖಿ ಮಾಡೋಣ! ಕಿತ್ತಳೆ ಬಣ್ಣದ ಡೈಕ್ರೋಮೇಟ್ ಪುಡಿ ಗುಡ್ಡೆ ಹಾಕಿ ಕಿಡಿ ತೋರಿಸಿದರೆ ಸಾಕು, ಬುಸಬುಸ ಉಕ್ಕುತ್ತೆ. ನಾನು ಹುಡುಗನಾಗಿದ್ದಾಗ ಅದನ್ನ ನೋಡಿಯೇ ಕೆಮಿಸ್ಟ್ರಿ ಹಿಡಿದದ್ದು."

"ಚೆಂದ ಸರ್, ಇಲ್ಲ ಅನ್ನಲ್ಲ. ಆದರೆ ಆ ಹಸಿರು ಬೂದಿ ಹಾರಿ ಮುಂದಿನ ಸಾಲಿನ ಮಕ್ಕಳ ಮೂಗಿಗೆ ಹೋದರೆ? ಅದು ವಿಷ."

ಮೇಷ್ಟ್ರು ನಡೆಯುತ್ತಿದ್ದವರು ನಿಂತರು. "ನಿಜ. ಆಗ ಯಾರಿಗೂ ಅದರ ಯೋಚನೆ ಇರಲಿಲ್ಲ, ನಾವು ಬೂದಿನ ಕೈಯಲ್ಲೇ ಗುಡಿಸಿದ್ವಿ." ಮೆಟ್ಟಿಲಿನ ಮೇಲೆ ಒಂದು ನಿಮಿಷ ಗಡ್ಡ ಕೆರೆದುಕೊಂಡು ನಿಂತವರು ಫಕ್ಕನೆ ಚಪ್ಪಾಳೆ ತಟ್ಟಿದರು. "ನೀಲಿ! ತಡವಾಗಿ ಬರೋ ನೀಲಿ ಮಾಡೋಣ. ಬೆಂಕಿ ಇಲ್ಲ, ಹೊಗೆ ಇಲ್ಲ, ವಾಸನೆ ಇಲ್ಲ."

ಅವರು ಹೇಳಿದ ಪ್ರಯೋಗ ಹೀಗಿತ್ತು. ನೋಡಲು ಎರಡೂ ನೀರಿನಂತೆಯೇ ಇರುವ ಎರಡು ದ್ರಾವಣ. ಒಂದರಲ್ಲಿ ಅಯೋಡೈಡ್, ತೆಳ್ಳಗಿನ ಗಂಜಿ, ಮತ್ತೆ ಲ್ಯಾಬಿನವರು ಹೈಪೋ ಎನ್ನುವ ಉಪ್ಪು. ಇನ್ನೊಂದರಲ್ಲಿ ತುಸು ಆಸಿಡ್ ಮತ್ತು ಪೆರಾಕ್ಸೈಡ್. ಬೆರೆಸಿದರೆ ಮೇಲ್ನೋಟಕ್ಕೆ ಏನೂ ಆಗುವುದಿಲ್ಲ. ಒಳಗೆ ಅಯೋಡಿನ್ ಹುಟ್ಟುತ್ತಿರುತ್ತದೆ, ಹುಟ್ಟಿದ ಹಾಗೆ ಹೈಪೋ ಅದನ್ನು ನುಂಗುತ್ತಿರುತ್ತದೆ. ಹೈಪೋ ತೀರಿತೋ, ಮರುಕ್ಷಣ ಅಯೋಡಿನ್ ಗಂಜಿಯನ್ನು ಕೂಡಿ ಇಡೀ ಬೀಕರ್ ಕಡುನೀಲಿ. ಹೈಪೋ ಹೆಚ್ಚಿದ್ದರೆ ತಡವಾಗಿ, ಕಡಿಮೆಯಿದ್ದರೆ ಬೇಗ. ಸಾಲಾಗಿ ಒಂಬತ್ತು ದೊಡ್ಡ ಬೀಕರ್ ಇಟ್ಟು, ಒಂದೊಂದರಲ್ಲೂ ಹೈಪೋ ಸ್ವಲ್ಪ ಸ್ವಲ್ಪ ಏರಿಸುತ್ತ ಹೋದರೆ? ಒಟ್ಟಿಗೇ ಸುರಿದರೂ ಒಂದಾದ ಮೇಲೊಂದು ನೀಲಿಯಾಗುತ್ತವೆ.

"ಹಾಡಿನ ಒಂದೊಂದು ಸಾಲು ಮುಗಿದಾಗ ಒಂದೊಂದು ನೀಲಿ!" ಎಂದಳು ಲ್ಯಾಬಕ್ಕ. ಹೇಳಿದವಳಿಗೇ ಮೈ ಜುಮ್ಮೆಂದಿತು.

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ಇದನ್ನೆಲ್ಲ ಮನೆಯಲ್ಲಿ ಹೇಳಿದಳು. ಅತ್ತೆ ಕೇಳಿ, "ಅಂದ್ರೆ ನನ್ನ ಮಗನ ಥರ ಅನ್ನು. ನಾನು ಬೇಯಿಸಿದ ಹಾಗೆ ಇವನು ತಟ್ಟೆ ಖಾಲಿ ಮಾಡ್ತಿದ್ದ. ಇವನು ಮಲಗಿದ ಮೇಲೆಯೇ ಉಳಿದವರಿಗೆ ಅನ್ನ ಕಣ್ಣಿಗೆ ಬೀಳ್ತಿದ್ದದ್ದು," ಎಂದರು.

ಆ ಮಗ, ಅವಳ ಗಂಡ, ಮದುವೆ ಮೆರವಣಿಗೆಗಳ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ ಬಾರಿಸುವವನು. ಜೊತೆಯವರು ಅವನಿಗೆ ಡಂಗುರ ಎಂದು ಹೆಸರಿಟ್ಟಿದ್ದರು. ಅವನ ಬೆರಳಿಗೆ ಬಿಡುವೆಂಬುದಿಲ್ಲ. ತಟ್ಟೆ, ಬಕೆಟ್ಟು, ಬಾಗಿಲು, ಸಿಕ್ಕಿದರೆ ಹೆಂಡತಿಯ ಬೆನ್ನು, ಎಲ್ಲದರ ಮೇಲೂ ತಾಳ. ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳು ಅವನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿದ್ದಳು. ಅವಳು ಬೆನ್ನು ತಿರುಗಿಸಿದ್ದೇ ತಡ, ಗಾಜಿನ ಕಡ್ಡಿ ಹಿಡಿದು ಅಳತೆಯ ಜಾಡಿಗಳ ಮೇಲೆ ಟಿಣ್‌ ಟಿಣ್‌ ಶುರುಮಾಡಿದ. ಮೂರನೆಯದು ಒಡೆಯಿತು. ಅಂದಿನಿಂದ ಲ್ಯಾಬಿನ ಹೊಸ್ತಿಲು ಅವನಿಗೆ ಲಕ್ಷ್ಮಣರೇಖೆ.

"ಹಾಡಿಗೆ ನಮ್ಮ ಸೆಟ್ಟೇ ಬರಲಾ?" ಎಂದ ಅವನು, ಲೋಟದ ಮೇಲಿನ ಬೆರಳು ನಿಲ್ಲಿಸಿ.

"ಬೇಡ ರೀ. ಮೊಬೈಲಿನಲ್ಲಿ ಹಾಡು ಹಾಕ್ತೀವಿ. ಅದು ಪ್ರತಿ ಸಲವೂ ಒಂದೇ ಥರ ಓಡುತ್ತೆ. ನೀವು ಖುಷಿ ಬಂದರೆ ಒಂದು ಸುತ್ತು ಹೆಚ್ಚು ಬಾರಿಸಿಬಿಡ್ತೀರ."

ಅವನು ತಟ್ಟೆ ಎತ್ತಿಕೊಂಡು ತೊಳೆಯಲು ಹೋದ. ತಾಳ ಕೇಳಿಸಲಿಲ್ಲ. ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಉಪ್ಪಿನ ಡಬ್ಬಿಯ ಚೀಟಿ ನೋಡಿದಳು.

ಮುಂದಿನ ವಾರಗಳಲ್ಲಿ ಲ್ಯಾಬಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹತ್ತನೇ ತರಗತಿಯಿಂದ ಒಂಬತ್ತು ಮಕ್ಕಳನ್ನು ಆರಿಸಿದರು. ಮೊದಲ ವಾರವೆಲ್ಲ ಅವರಿಗೆ ಬರೀ ನೀರು. "ನೀರನ್ನೇ ಚೆಲ್ಲದೆ ಸುರಿಯೋಕೆ ಬರದವರು ಬೇರೆ ಏನನ್ನ ಸುರೀತೀರ? ಅಂಚಿಗೆ ತಾಗಿಸಿ, ನಿಧಾನವಾಗಿ. ಮುಖ ಬಗ್ಗಿಸಬೇಡಿ. ಕೂದಲು ಹಿಂದಕ್ಕೆ ಕಟ್ಟಿ. ಕಣ್ಣಿಗೆ ಕನ್ನಡಕ ಹಾಕದವರ ಕೈಗೆ ನಾನು ಬೀಕರ್ ಕೊಡಲ್ಲ," ಎಂದು ಅವಳು ಸಾಲಿನ ಮುಂದೆ ಹಿಂದೆ ಓಡಾಡುತ್ತಿದ್ದಳು. ಆಸಿಡ್ ತೆಳು ಮಾಡುವ ಕೆಲಸ ಮಾತ್ರ ಅವಳದ್ದೇ, ಅದೂ ಕೋಣೆ ಖಾಲಿಯಾದ ಮೇಲೆ. ಮೊದಲು ನೀರು, ಆಮೇಲೆ ಅದರೊಳಗೆ ಆಸಿಡ್, ದಾರದಂತೆ, ಕಲಕುತ್ತ ಕಲಕುತ್ತ. ಹಿಂದುಮುಂದಾದರೆ ಅದು ಕುದಿದು ಮುಖಕ್ಕೇ ಎರಚುತ್ತದೆ. ಪೆರಾಕ್ಸೈಡ್ ಬಾಟಲಿಗೆ ಬಿಗಿ ಮುಚ್ಚಳ ಕೂಡದು. ಒಳಗೊಳಗೇ ಗಾಳಿ ಬಿಡುವ ಸ್ವಭಾವ ಅದರದ್ದು, ಉಸಿರಾಡಲು ಸಂದಿಯಿಲ್ಲದಿದ್ದರೆ ಬಾಟಲಿಯೇ ಬಿರಿಯಬಹುದು.

ಮಕ್ಕಳು ಮೊದಲ ಸಲ ನಿಜವಾದ ದ್ರಾವಣ ಸುರಿದ ದಿನ ಮೂರನೆಯ ಬೀಕರ್ ಎರಡನೆಯದಕ್ಕಿಂತ ಮೊದಲೇ ನೀಲಿಯಾಯಿತು. ಮಕ್ಕಳು ಹೋ ಎಂದು ನಕ್ಕರು. ಮೇಷ್ಟ್ರು ತಲೆ ಕೆರೆದುಕೊಂಡರು. ಲ್ಯಾಬಕ್ಕ ಬೀಕರನ್ನು ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಹಿಂದಿನ ದಿನದ ಕಲೆ. ತೊಳೆದವಳು ಅವಳೇ! ನಾಚಿಕೆಯಾಗಿ ಎಲ್ಲವನ್ನೂ ಮತ್ತೆ ತೊಳೆದು, ಕಡೆಗೆ ಶುದ್ಧ ನೀರಿನಲ್ಲಿ ಜಾಲಾಡಿಸಿ, ಬೋರಲು ಹಾಕಿದಳು. ಮರುದಿನ ಒಂದು, ಎರಡು, ಮೂರು, ಹೀಗೆ ಒಂಬತ್ತೂ ಹಾಡಿನ ಸಾಲಿಗೆ ಸರಿಯಾಗಿ ನೀಲಿಯಾದಾಗ ಮೇಷ್ಟ್ರು ಮಕ್ಕಳಿಗಿಂತ ಎತ್ತರಕ್ಕೆ ಹಾರಿದರು.

ವಾರ್ಷಿಕೋತ್ಸವದ ಸಂಜೆ ಅಂಗಳದ ತುಂಬ ಕುರ್ಚಿ, ಕುರ್ಚಿಗಳ ತುಂಬ ಜನ. ಅತ್ತೆ ಮೂರನೆಯ ಸಾಲಿನಲ್ಲಿ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡಿದ್ದರು. ಅಂದು ಬ್ಯಾಂಡಿಗೆ ಕೆಲಸವಿರಲಿಲ್ಲ. ವೇದಿಕೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ ಉದ್ದನೆಯ ಮೇಜು. ಅದರ ಮೇಲೆ ಒಂಬತ್ತು ಬೀಕರ್, ಪಕ್ಕದಲ್ಲಿ ಇನ್ನೊಂದು. ಯಾವ ಪ್ರಯೋಗಕ್ಕೂ ಒಂದು ಹೆಚ್ಚು ಮಾಡಿಟ್ಟುಕೊಳ್ಳುವುದು ಲ್ಯಾಬಕ್ಕನ ಅಭ್ಯಾಸ. ಪ್ರತಿಯೊಂದರ ಪಕ್ಕದಲ್ಲೂ ಸುರಿಯಬೇಕಾದ ದ್ರಾವಣದ ಬೀಕರ್. ಮುಖ್ಯ ಅತಿಥಿಯ ಮಾತು ಮುಗಿದ ಕೂಡಲೇ ಇವರದೇ ಐಟಂ. ಆದ್ದರಿಂದ ಎಲ್ಲವನ್ನೂ ಮೊದಲೇ ಜೋಡಿಸಿ ಬಿಡಿ ಎಂದಿದ್ದರು ಹೆಡ್‌ಮಿಸ್.

ಮುಖ್ಯ ಅತಿಥಿಯ ಮಾತು ಮುಗಿಯಲಿಲ್ಲ. ತಮ್ಮ ಬಾಲ್ಯದಿಂದ ಶುರು ಮಾಡಿದ ಅವರು ಇನ್ನೂ ಮೀಸೆ ಚಿಗುರುವ ವಯಸ್ಸಿಗೂ ಬಂದಿರಲಿಲ್ಲ. ಜನ ಆಕಳಿಸಿದರು, ಮಕ್ಕಳು ಕುರ್ಚಿಯ ಕೆಳಗೆ ತೂರಿದರು. ಮೇಲೆ ತೂಗುಬಿಟ್ಟಿದ್ದ ದೊಡ್ಡ ದೀಪಗಳು ಮಾತ್ರ ಮೇಜಿನ ಮೇಲೆ ಧಗಧಗ ಉರಿಯುತ್ತಿದ್ದವು.

ಕಡೆಗೂ ಅತಿಥಿ ಕೂತರು, ಪರದೆ ಎಳೆದರು. ಲ್ಯಾಬಕ್ಕ ಓಡಿಹೋಗಿ ಮೊದಲ ಬೀಕರ್ ಮುಟ್ಟಿದಳು.

"ಸರ್, ಬನ್ನಿ ಇಲ್ಲಿ. ಬೆಚ್ಚಗಾಗಿದೆ!"

ಮೇಷ್ಟ್ರು ಥರ್ಮಾಮೀಟರ್ ಅದ್ದಿ ನೋಡಿ ತುಟಿ ಕಚ್ಚಿಕೊಂಡರು. "ಬಿಸಿಯಾದರೆ ಓಟ ಜೋರು ಲ್ಯಾಬಕ್ಕ. ಎಲ್ಲಾ ಬೇಗ ಬೇಗ ನೀಲಿ ಆಗಿಬಿಡುತ್ತೆ. ಹಾಡು ಇನ್ನೂ ಅರ್ಧ ದಾರೀಲಿ ಇರೋವಾಗ ನಮ್ಮದು ಮುಗಿದಿರುತ್ತೆ."

"ಐಸ್ ಹಾಕಿದರೆ?"

"ಕರಗಿ ನೀರಾಗುತ್ತೆ, ಅಳತೆ ಕೆಡುತ್ತೆ. ತಣ್ಣೀರಿನ ತೊಟ್ಟಿಯಲ್ಲಿ ಇಟ್ಟು ತಣಿಸೋಕೆ ಹೊತ್ತಿಲ್ಲ."

ಅತ್ತ ದರಿ, ಇತ್ತ ಪುಲಿ. ಪರದೆಯಾಚೆ ಹೆಡ್‌ಮಿಸ್ ಮೈಕಿನಲ್ಲಿ "ಈಗ ನೀವು ಕಾಯುತ್ತಿದ್ದ..." ಎಂದು ಶುರುಮಾಡಿದ್ದರು. ಒಂಬತ್ತು ಮಕ್ಕಳು ಕನ್ನಡಕ, ಕೈಗವಸು ಹಾಕಿಕೊಂಡು ಇವಳ ಮುಖವನ್ನೇ ನೋಡುತ್ತಿದ್ದರು. ಬೀಕರ್ ತಣಿಸಲಾಗದು. ಮೊಬೈಲಿನ ಹಾಡನ್ನು ಬೇಗ ಓಡಿಸಲಾಗದು. ಹಾಡನ್ನೇ ಬಿಟ್ಟರೆ? ಬರೀ ಮೌನದಲ್ಲಿ ಬಣ್ಣ ಬದಲಾದರೆ ಹಿಂದೆ ಕೂತವರಿಗೆ ಏನಾಯಿತೆಂದೇ ತಿಳಿಯದು.

ಅವಳು ಪರದೆಯ ಸಂದಿಯಿಂದ ಮೂರನೆಯ ಸಾಲು ನೋಡಿದಳು. ಗಂಡನ ಬೆರಳು ಕುರ್ಚಿಯ ಕೈಯ ಮೇಲೆ ಕುಣಿಯುತ್ತಿತ್ತು.

ಮರುಕ್ಷಣ ಅವಳು ಮೆಟ್ಟಿಲಿಳಿದು, ಕಾಲುಗಳ ಮೇಲೆ ಕಾಲಿಡುತ್ತ, ಕ್ಷಮಿಸಿ ಕ್ಷಮಿಸಿ ಎನ್ನುತ್ತ ಅವನ ಮುಂದೆ ನಿಂತಿದ್ದಳು. "ರೀ, ಏಳಿ. ಬನ್ನಿ."

"ಏನೇ? ಏನಾಯ್ತು? ಎಲ್ಲಾದರೂ ಸುಟ್ಕೊಂಡೆಯಾ?"

"ಇಲ್ಲ. ಬಾರಿಸಬೇಕು. ಈಗಲೇ."

ಡಂಗುರ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. "ಹೋಗೋ ಹೋಗೋ, ನಾನು ಎತ್ತಿಡ್ತೀನಿ," ಎಂದರು ಅತ್ತೆ.

ಪರದೆಯ ಹಿಂದೆ ಶಾಲೆಯ ಕವಾಯತಿನ ಡ್ರಮ್ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅವನು ಅದನ್ನು ಎಳೆದು, ಒಂದು ತಟ್ಟು ತಟ್ಟಿ ಮುಖ ಕಿವುಚಿದ. "ಇದೇನು, ನೆನೆದ ಚಾಪೆ ಥರ ಇದೆ!" ಸುತ್ತಲಿನ ತಿರುಪುಗಳನ್ನು ಹಲ್ಲು ಕಚ್ಚಿ ಬಿಗಿದ. ಮೇಷ್ಟ್ರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಯಾವ ಹಾಡು, ಯಾವ ಸಾಲಿಗೆ ಯಾವ ಬೀಕರ್ ಎಂಬುದನ್ನೂ ಸೇರಿಸಿ ಸಂಗತಿಯನ್ನು ಒಂದೇ ಉಸಿರಿಗೆ ಹೇಳಿದರು. ಡಂಗುರ ಕೇಳಿದ್ದು ಒಂದೇ ಪ್ರಶ್ನೆ.

"ಎಲ್ಲಾ ಒಂದೇ ಪ್ರಮಾಣದಲ್ಲಿ ಓಡ್ತವಾ ಸರ್? ಇಲ್ಲ ಒಂದು ಜಾಸ್ತಿ, ಒಂದು ಕಮ್ಮಿನಾ?"

"ಎಲ್ಲಾ ಒಂದೇ ದೀಪದ ಕೆಳಗೆ ಇದ್ದವು. ಒಂದೇ ಪ್ರಮಾಣ."

"ಹಾಗಾದರೆ ಏನೂ ಕೆಟ್ಟಿಲ್ಲ. ತಾಳ ಅದೇ ಇದೆ, ಲಯ ಏರಿದೆ ಅಷ್ಟೇ. ಮೆರವಣಿಗೆ ಮನೆ ಹತ್ತಿರ ಬಂದಾಗ ನಾವು ಏರಿಸಲ್ವಾ, ಹಾಗೆ. ಎಷ್ಟು ಏರಿದೆ ಅಂತ ಒಂದು ಸಲ ತೋರಿಸಿ ಸಾಕು."

ಮೇಷ್ಟ್ರು ಅವನ ಭುಜ ಹಿಡಿದು ಅಲುಗಾಡಿಸಿದರು. "ಅಲ್ರೀ, ಇಡೀ ಪಾಠಾನ ಒಂದೇ ಸಾಲಿನಲ್ಲಿ ಹೇಳಿಬಿಟ್ರಲ್ಲ!"

ಲ್ಯಾಬಕ್ಕ ಆಗಲೇ ಹತ್ತನೆಯ ಬೀಕರನ್ನು ಎತ್ತಿ ತಂದಿದ್ದಳು. ಅದೂ ಅದೇ ಮೇಜಿನ ಮೇಲೆ, ಅದೇ ದೀಪದ ಕೆಳಗೆ ಕಾದದ್ದು. ಒಂದನೆಯದರ ಅಳತೆಯೇ ಅದರದ್ದೂ. ಸುರಿಯುವ ಮೊದಲು ಜೇಬಿನಿಂದ ಇನ್ನೊಂದು ಕನ್ನಡಕ ತೆಗೆದು ಗಂಡನ ಮೂಗಿಗೆ ಏರಿಸಿದಳು.

"ಅಯ್ಯೋ, ಕಪ್ಪೆ ಥರ ಕಾಣ್ತೀನಲ್ಲೇ!"

"ಕಪ್ಪೆಗೂ ಕಣ್ಣು ಎರಡೇ. ಸುಮ್ಮನೆ ನೋಡಿ."

ಅವಳು ಸುರಿದಳು. ಅವನು ತೊಡೆಯ ಮೇಲೆ ಮೆಲ್ಲಗೆ ತಟ್ಟತೊಡಗಿದ. ಮೂವರೂ ಬೀಕರಿನ ಮೇಲೆ ಕಣ್ಣು ನೆಟ್ಟರು. ನೀರು ನೀರಾಗಿಯೇ ಇತ್ತು. ಇತ್ತು. ಇತ್ತು. ಫಟ್ಟನೆ ಮಸಿಯಂತೆ ನೀಲಿಯಾಯಿತು.

ಡಂಗುರನ ಕೈ ತೊಡೆಯ ಮೇಲೆಯೇ ನಿಂತಿತು. ಅವನು ಬಾಯಿ ತೆರೆದು ನೀಲಿಯನ್ನೇ ನೋಡುತ್ತಿದ್ದ. "ಏ, ಇದೇನೇ ಇದು! ಇದನ್ನ ದಿನಾ ನೋಡ್ತೀಯಾ ನೀನು? ಮನೇಲಿ ಹೇಳೋವಾಗ ಇಷ್ಟು ಚೆಂದ ಅಂತ ಗೊತ್ತೇ ಆಗಲಿಲ್ಲ!"

"ಲಯ ಸಿಕ್ಕಿತಾ ರೀ?" ಎಂದಳು ಅವಳು, ಅಳುವೂ ನಗುವೂ ಒಟ್ಟಿಗೆ ಬಂದು.

"ಸಿಕ್ಕಿತು. ತೆಗೆಸು ಪರದೆ."

ಪರದೆ ಸರಿಯಿತು. ದೊಡ್ಡ ದೀಪಗಳನ್ನು ಪಕ್ಕಕ್ಕೆ ತಿರುಗಿಸಿದ್ದರು. ಡಂಗುರ ಕೋಲೆತ್ತಿ ಒಂದೇ ಒಂದು ಪೆಟ್ಟು ಹಾಕಿದ, ಧಂ! ಒಂಬತ್ತು ಮಕ್ಕಳು ಒಟ್ಟಿಗೆ ಸುರಿದರು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಆಮೇಲೆ ಡ್ರಮ್ ಸಣ್ಣಗೆ, ದೂರದ ಗುಡುಗಿನಂತೆ ಗುನುಗತೊಡಗಿತು. ಜನಕ್ಕೆ ಏನೂ ಅರ್ಥವಾಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ "ಬರೀ ನೀರಲ್ವಾ ಅದು?" ಎಂದದ್ದು ಕೇಳಿಸಿತು. ಗುನುಗು ಏರಿತು, ಇನ್ನೂ ಏರಿತು, ಕೋಲು ಮೇಲೆದ್ದಿತು. ಧಂ! ಮೊದಲ ಬೀಕರ್ ನೀಲಿ.

"ಹಾ!" ಎಂದಿತು ಅಂಗಳ.

ಎರಡನೆಯ ಪೆಟ್ಟಿಗೆ ಎರಡನೆಯದು. ಮೂರನೆಯದಕ್ಕೆ ಜನ ಕುರ್ಚಿಯ ತುದಿಗೆ ಬಂದಿದ್ದರು. ನಾಲ್ಕನೆಯದು ಕೂದಲೆಳೆಯಷ್ಟು ತಡವಾಯಿತು. ಆದರೆ ಬೀಕರಿನಿಂದ ಕಣ್ಣು ಕೀಳದ ಡಂಗುರ ಎತ್ತಿದ ಕೋಲನ್ನು ಗಾಳಿಯಲ್ಲೇ ಒಂದು ಸುತ್ತು ತಿರುಗಿಸಿ, ನೀಲಿ ಮಿಂಚಿದ ಗಳಿಗೆಗೇ ಇಳಿಸಿದ. ಬೇಕೆಂದೇ ಹಾಗೆ ಮಾಡಿದ ಎಂದುಕೊಂಡು ಜನ ಶಿಳ್ಳೆ ಹಾಕಿದರು. ಮೊಬೈಲಿಗೆ ಈ ವಿದ್ಯೆ ಎಲ್ಲಿಂದ ಬರಬೇಕು? ಐದು, ಆರು, ಏಳು. ಮಕ್ಕಳೆಲ್ಲ ಎದ್ದು ನಿಂತು ಪ್ರತಿ ನೀಲಿಗೂ "ಧಂ!" ಎಂದು ತಾವೇ ಕೂಗುತ್ತಿದ್ದರು. ಒಂಬತ್ತನೆಯದು ನೀಲಿಯಾದಾಗ ಎದ್ದ ಗದ್ದಲದಲ್ಲಿ ಡ್ರಮ್ಮಿನ ಸದ್ದೇ ಮುಳುಗಿಹೋಯಿತು. ಮೇಷ್ಟ್ರು ವೇದಿಕೆಯ ಅಂಚಿನಲ್ಲಿ ನಿಂತು ತಾಪದ ಲೆಕ್ಕ ವಿವರಿಸಲು ಹೊರಟರು. ಯಾರೂ ಕೇಳಿಸಿಕೊಳ್ಳಲಿಲ್ಲ, ಅವರಿಗೂ ಅದರ ಪರಿವೆಯಿರಲಿಲ್ಲ.

ಮುಂದಿನ ಡ್ಯಾನ್ಸಿನವರು ಗೆಜ್ಜೆ ಕಟ್ಟಿಕೊಂಡು ಬದಿಯಲ್ಲಿ ನಿಂತಿದ್ದರು. "ಬೇಗ ಮೇಜು ಎತ್ತಿಸಿ," ಎಂದು ಹೆಡ್‌ಮಿಸ್ ಸನ್ನೆ ಮಾಡಿದರು. ನಾಲ್ಕಾರು ಜನ ಓಡಿ ಬಂದರು.

"ಮುಟ್ಟಬೇಡಿ!" ಎಂದಳು ಲ್ಯಾಬಕ್ಕ. ಅಯೋಡಿನ್ ತುಂಬಿದ ಒಂಬತ್ತು ತೆರೆದ ಬೀಕರುಗಳನ್ನು ಅಷ್ಟು ಚಿಕ್ಕ ಮಕ್ಕಳ ನಡುವೆ ಕತ್ತಲ ಮೆಟ್ಟಿಲಿಳಿಸುವುದೇ? ಆ ಮಾತೇ ಇಲ್ಲ. ಇದ್ದಲ್ಲೇ ಆ ಅಯೋಡಿನ್ ಅಡಗಿಸಬೇಕು. ಅವಳು ಮೇಜಿನ ಕೆಳಗಿನಿಂದ ಹೈಪೋ ದ್ರಾವಣದ ದೊಡ್ಡ ಬಾಟಲಿ ತೆಗೆದಳು. ಪಾತ್ರೆ ತೊಳೆಯುವ ಮೊದಲು ಸಿಂಕಿನ ಮೂಲೆಯಲ್ಲಿ ನಿಂತು ಯಾವಾಗಲೂ ಮಾಡುವ ಕೆಲಸ. ಸ್ವಲ್ಪ ಹಾಕಿದರೆ ಆಮೇಲೆ ನೀಲಿ ಮರಳಿ ಬರುತ್ತದೆ, ಆದ್ದರಿಂದ ಧಾರಾಳವಾಗಿ. ಮೊದಲ ಬೀಕರಿಗೆ ಸುರಿದು ಗಾಜಿನ ಕಡ್ಡಿಯಲ್ಲಿ ಕಲಕಿದಳು. ಮಸಿಯಂಥ ನೀಲಿ ಸುಳಿದು, ತೆಳುವಾಗಿ, ನೋಡನೋಡುತ್ತಿದ್ದಂತೆ ತಿಳಿನೀರಾಯಿತು.

ಗದ್ದಲ ಒಮ್ಮೆಗೇ ನಿಂತಿತು. ಅವಳಿಗೆ ಅದು ಗೊತ್ತಾಗಲಿಲ್ಲ. ಎರಡನೆಯದಕ್ಕೆ ಸುರಿದಳು. ಅದೂ ತಿಳಿಯಾದಾಗ ಬೆನ್ನ ಹಿಂದೆ ಒಂದು ಮೆಲು ಪೆಟ್ಟು. ಧುಂ. ಅವಳು ಬೆಚ್ಚಿ ತಲೆಯೆತ್ತಿದಳು. ಅಂಗಳಕ್ಕೆ ಅಂಗಳವೇ ಉಸಿರು ಬಿಡದೆ ಅವಳ ಕೈಯನ್ನು ನೋಡುತ್ತಿತ್ತು. ಹೊರಟಿದ್ದ ಮುಖ್ಯ ಅತಿಥಿ ಮರಳಿ ಬಂದು ನಿಂತೇ ನೋಡುತ್ತಿದ್ದರು. ಗೆಜ್ಜೆಯ ಹುಡುಗಿಯರು ಗೆಜ್ಜೆ ಅಲುಗದಂತೆ ನಿಂತಿದ್ದರು.

ಇಷ್ಟು ವರ್ಷ ಈ ಕೆಲಸವನ್ನು ಗೋಡೆಯ ಕಡೆ ಮುಖ ಮಾಡಿಕೊಂಡು ಮಾಡಿದ್ದಳು. ಕಿವಿಯವರೆಗೆ ಬಿಸಿಯೇರಿತು. ಗಂಡನ ಕಡೆ ನೋಡಿದಳು. ಕಪ್ಪೆಗನ್ನಡಕದೊಳಗಿಂದ ಅವನು ಹುಬ್ಬು ಹಾರಿಸಿದ. ಅವಳು ಮೂರನೆಯದಕ್ಕೆ ಹೋದಳು, ಈ ಸಲ ಅವನ ಪೆಟ್ಟಿಗೆ ಕಾದು ಸುರಿದಳು. ಅವನು ಅವಳ ಕೈ ನೋಡಿ ಬಾರಿಸಿದ, ಅವಳು ಅವನ ಕೋಲು ಕೇಳಿ ಕಲಕಿದಳು. ಬೇಕೆಂದೇ ಏಳನೆಯದಕ್ಕೆ ತುಸು ತಡಮಾಡಿದಳು. ಜನ "ಹಾಕ್ರೀ, ಹಾಕ್ರೀ" ಎಂದು ಬೇಡಿದರು. ಕಡೆಯ ನೀಲಿ ಕರಗಿದಾಗ ಹೆಡ್‌ಮಿಸ್ ಮೈಕು ಕೈಯಲ್ಲಿದ್ದುದನ್ನೂ ಮರೆತು "ಅಬ್ಬಬ್ಬಾ!" ಎಂದದ್ದು ಬೀದಿಯ ತುದಿಯವರೆಗೆ ಕೇಳಿಸಿತಂತೆ.

ಎಲ್ಲ ತೊಳೆದಿಟ್ಟು ಅವರು ಮನೆಗೆ ಹೊರಟಾಗ ಮೇಷ್ಟ್ರು ಗೇಟಿನವರೆಗೂ ಮಾತಾಡುತ್ತಲೇ ಬಂದರು. ಡಂಗುರ ರಸ್ತೆಯುದ್ದಕ್ಕೂ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದ. ಕೆಂಪು ಬರಿಸಬಹುದಾ? ಹೋಗಿ ಬಂದು ಹೋಗಿ ಬಂದು ಮಾಡಿಸಬಹುದಾ? ಅವಳು ನಡುವೆ ನಿಂತು, ಕೈಯಲ್ಲಿ ಗಾಳಿಯಲ್ಲೇ ಬೀಕರ್ ಬರೆದು ತೋರಿಸುತ್ತಿದ್ದಳು. ಮತ್ತೆ ಅವಳೇ, "ಅದು ಸರಿ ರೀ, ನಾಲ್ಕನೆಯದಕ್ಕೆ ಕೋಲು ತಿರುಗಿಸಿದಿರಲ್ಲ, ಮೆರವಣಿಗೇಲೂ ಹಾಗೇ ಮಾಡ್ತೀರಾ?" ಎಂದಳು.

"ಬಂದು ನೋಡು. ಭಾನುವಾರ ಒಂದು ಮದುವೆ ಇದೆ."

"ಬರ್ತೀನಿ."

"ಮೊದಲು ಮನೆಗೆ ಬನ್ನಿ ಇಬ್ಬರೂ," ಎಂದರು ಮುಂದೆ ಮುಂದೆ ನಡೆಯುತ್ತಿದ್ದ ಅತ್ತೆ. "ನನಗೆ ಹಸಿವು."